ಸ್ಪಿರಿಟ್ ಮಾಮ

ರಾಬರ್ಟ್‌ಸನ್‌ಪೇಟೆಯಲ್ಲಿ ಇವರು ಬೀದಿಗೊಬ್ಬರು ಸಿಗುತ್ತಾರೆ, ಬಂಗಾರಪೇಟೆಯಲ್ಲಿ ಎರಡು ಬೀದಿಗೊಬ್ಬರು. ಕೋಲಾರದ ಚಿನ್ನದ ಗಣಿಯ ಲೆಕ್ಕಪತ್ರದ ಆಫೀಸಿನಲ್ಲೋ ಬೆಮೆಲ್ ಸ್ಟೋರ್ಸಿನಲ್ಲೋ ಇದ್ದು ಬಂದವರು. ವಯಸ್ಸು ಎಪ್ಪತ್ತರ ಆಚೆ ಈಚೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಹತ್ತಿಯುಂಡೆ. ಬೀದಿ ಮಕ್ಕಳು ಇಟ್ಟ ಹೆಸರು ಸ್ಪಿರಿಟ್ ಮಾಮ. ಹೊಸದಾಗಿ ಬಾಡಿಗೆಗೆ ಬಂದವರು ಈ ಹೆಸರು ಕೇಳಿ, ಸಂಜೆ ಹೊತ್ತು ಅವರ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಾರೆ. ಪಾಪ, ಮಾಮ ಕಾಫಿ ಬಿಟ್ಟು ಬೇರೇನೂ ಕುಡಿದವರಲ್ಲ.

ದುಡಿದಷ್ಟೂ ವರ್ಷ ಶಾಯಿಯಿಂದಲೇ ಅನ್ನ ತಿಂದವರು. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು, ಲೆಡ್ಜರು ಮುಚ್ಚಿತು. ಬರೆಯುವ ಕೆಲಸ ಹೋದ ಮೇಲೆ ಅಳಿಸುವ ಕೆಲಸಕ್ಕೆ ಇಳಿದರು. ಸಂಬಳವಿಲ್ಲ, ರಜೆಯೂ ಇಲ್ಲ.

"ಮಾಮಾ, ಚಿಕ್ಕೋನು ಫ್ರಿಜ್ ಮೇಲೆಲ್ಲಾ ಗೀಚ್ಬಿಟ್ಟವ್ನೆ."

"ನೀರು ಮುಟ್ಟಿಸಿದ್ಯೇನಮ್ಮಾ?"

"ಒದ್ದೆ ಬಟ್ಟೇಲಿ ಒಂಚೂರು..."

ಮಾಮ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇನ್ನು ವಿಚಾರಣೆ. ಅಪರಾಧಿಗೆ ನಾಲ್ಕು ವರ್ಷ, ಅಜ್ಜಿಯ ಸೆರಗಿನ ಹಿಂದೆ ಅಡಗಿದೆ. ಬರೆದದ್ದು ಬಾಲ್ ಪೆನ್ನಲ್ಲೋ, ಜೆಲ್ಲಲ್ಲೋ, ಮಾರ್ಕರಲ್ಲೋ? ಆಯುಧ ಹಾಜರಾಗುವ ತನಕ ಮಾಮ ಹತ್ತಿ ಬಿಚ್ಚುವುದಿಲ್ಲ. ಅದರಲ್ಲಿ ನ್ಯಾಯವೂ ಇದೆ. ಇಂಕ್ ಪೆನ್ನಿನದು ನೀರಿನ ಶಾಯಿ, ಬೇಗ ಕಂಡರೆ ಸೋಪಿನ ನೀರಿಗೇ ಬರುತ್ತದೆ. ಬಾಲ್ ಪೆನ್ನಿನದು ಎಣ್ಣೆಯಂಥ ಅಂಟು, ನೀರಿಗೆ ಜಗ್ಗದು, ಸ್ಪಿರಿಟ್ಟಿಗೆ ಕರಗುತ್ತದೆ. ಮಾರ್ಕರಿನಲ್ಲಿ ಬಣ್ಣದ ಜೊತೆ ರಾಳವೂ ಇರುತ್ತದೆ. ಅದಕ್ಕೆ ಮಾಮನ ಔಷಧ ಕೇಳಿದರೆ ಮನೆಯವರಿಗೆ ಎದೆ ಒಡೆಯಬೇಕು. ಆ ಗೆರೆಯ ಮೇಲೇ ಶಾಲೆಯ ಬಿಳಿ ಬೋರ್ಡಿನ ಮಾರ್ಕರಿನಿಂದ ಇನ್ನೊಂದು ಗೆರೆ ಎಳೆಯುವುದು! ಹಸಿ ಶಾಯಿಯ ದ್ರಾವಕ ಹಳೇ ಶಾಯಿಯನ್ನು ಸಡಿಲಿಸುತ್ತದೆ, ಆರುವ ಮುಂಚೆ ಒರೆಸಿದರೆ ಎರಡೂ ಬಟ್ಟೆಗೆ ಬರುತ್ತವೆ. ಆದರೆ ಗೀಚಿದ ಮಗುವನ್ನು ಈಗಷ್ಟೇ ಬಡಿದ ತಾಯಿ, ಮಾಮನೂ ಗೀಚುವುದನ್ನು ಹೇಗೆ ನೋಡಿಯಾಳು?

"ಹೋಗ್ತದಾ ಮಾಮಾ?" ಎಂದು ಯಾರಾದರೂ ಅನುಮಾನಪಟ್ಟರೆ ಉತ್ತರ ಸಿದ್ಧ: "ಬಂಗಾರವನ್ನೇ ಸಯನೈಡಲ್ಲಿ ಕರಗಿಸಿದ ಊರಮ್ಮಾ ಇದು. ಹತ್ತು ರೂಪಾಯಿ ಪೆನ್ನಿನ ಮಸಿ ಏನು ಮಹಾ?" ಕಿಟಕಿಯಾಚೆ ಸಯನೈಡ್ ದಿಬ್ಬ ಕಾಣುತ್ತಿರುವಾಗ ಎದುರು ವಾದಿಸುವವರು ಯಾರು?

ವಿಧಿ ಪ್ರಕಾರವೇ ಎಲ್ಲ ನಡೆಯಬೇಕು. ಮೊದಲು ಹಿಂಬದಿಯಲ್ಲಿ, ಕಾಣದ ಮೂಲೆಯಲ್ಲಿ ಪರೀಕ್ಷೆ. ಆಮೇಲೆ ಹತ್ತಿ ಅದ್ದಿ, ಕಲೆಯ ಅಂಚಿನಿಂದ ಒಳಕ್ಕೆ ಒತ್ತುತ್ತಾ ಬರಬೇಕು, ಒಳಗಿಂದ ಹೊರಕ್ಕೆ ಎಳೆದರೆ ಊರೆಲ್ಲಾ ನೀಲಿ. ಉಗುರುಬಣ್ಣ ತೆಗೆಯುವ ಅಸಿಟೋನು ಪ್ಲಾಸ್ಟಿಕ್ಕಿಗೆ ನಿಷಿದ್ಧ, ಮಸಿಯ ಜೊತೆ ಮಿಕ್ಸಿಯ ಮೈಯೂ ಕರಗಿ ಬರುತ್ತದೆ. ಟಿವಿ ಪರದೆಗೆ ಸ್ಪಿರಿಟ್ಟೂ ಕೂಡದು. ಕಡಪ ಕಲ್ಲಿಗೆ, ಮಾರ್ಬಲ್ಲಿಗೆ ನಿಂಬೆಹಣ್ಣು ಉಜ್ಜುವವರನ್ನು ಕಂಡರೆ ಮಾಮ ಮಾತು ಬಿಡುತ್ತಾರೆ. ಸುಣ್ಣದ ಕಲ್ಲು, ಹುಳಿ ತಾಗಿದರೆ ಮಸಿ ಹೋದ ಜಾಗದಲ್ಲಿ ಮಂಕು ಉಳಿಯುತ್ತದೆ.

ಹೆಚ್ಚು ಕೇಸು ಬರುವುದು ವಾಷಿಂಗ್ ಮೆಷಿನ್ನಿನದೇ. ಬೆಳಗಾಗುವ ಮುಂಚೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಊರಿದು. ರಾತ್ರಿ ಬಂದವರು ಶರ್ಟು ಕಳಚಿ ಎಸೆದು ಮಲಗುತ್ತಾರೆ, ಜೇಬಿನ ಪೆನ್ನು ಮೆಷಿನ್ನಿಗೆ ಇಳಿಯುತ್ತದೆ. ಮಾಮ ಬಂದವರೇ ಪ್ಲಗ್ಗು ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳಲು ನೋಡುತ್ತಾರೆ. ವೈರು ಅಷ್ಟು ಉದ್ದ ಬರದೆ ಅದನ್ನು ಕೈಯಲ್ಲೇ ಹಿಡಿದು ಕೂರುತ್ತಾರೆ. ಡ್ರಮ್ಮನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿಡಬೇಕು, ಬೆಂಕಿ ಹಿಡಿಯುವ ವಸ್ತು ಅದು. ಆಮೇಲೆ ಹಳೇ ಚಿಂದಿ ಹಾಕಿ ಬಿಸಿನೀರಲ್ಲಿ ಒಂದು ಸುತ್ತು. ಅಷ್ಟು ಹೊತ್ತು ಮನೆಯವರು ಕಾಫಿ, ಚಕ್ಕುಲಿ, ಮತ್ತೆ ಕಾಫಿ ಸರಬರಾಜು ಮಾಡುತ್ತಿರಬೇಕು.

ಮಾಮನ ವಿದ್ಯೆಯಲ್ಲಿ ಕೊರತೆಯಿಲ್ಲ, ನಿಲ್ಲಿಸುವುದು ಗೊತ್ತಿಲ್ಲ, ಅಷ್ಟೇ. ಮಸಿ ಹೋದ ಮೇಲೂ ಹತ್ತಿಯಲ್ಲಿ ಸ್ಪಿರಿಟ್ ಉಳಿದಿರುತ್ತದಲ್ಲ! ಹಾಗಾಗಿ ನಮ್ಮ ಬೀದಿಯ ಮಿಕ್ಸಿಗಳಲ್ಲಿ ಒಂದು, ಎರಡು, ಮೂರು ಎಂಬ ಅಂಕಿಗಳಿಲ್ಲ. ವಾಷಿಂಗ್ ಮೆಷಿನ್ನಿನ ಗುಂಡಿಗಳನ್ನು ಹೆಂಗಸರು ಅಂದಾಜಿನ ಮೇಲೆ ತಿರುಗಿಸುತ್ತಾರೆ. ಒಂದು ಮನೆಯಲ್ಲಿ ಫ್ರಿಜ್ ಬಾಗಿಲ ಮೇಲೆ ಅಜ್ಜಿ ಬರೆದಿಟ್ಟಿದ್ದ ತಿಂಗಳ ಹಾಲಿನ ಲೆಕ್ಕವನ್ನೂ, ಯಾರೂ ಕೇಳದಿದ್ದರೂ, ಥಳಥಳ ಒರೆಸಿಬಿಟ್ಟರು. ಆ ತಿಂಗಳು ಹಾಲಿನವನು ಹೇಳಿದ್ದೇ ಲೆಕ್ಕ.

ಊಟ ತಿಂಡಿಯಲ್ಲೂ ಇದೇ ನಿಷ್ಠೆ. ಬಂಗಾರಪೇಟೆ ಪಾನಿಪುರಿಯಷ್ಟು ಶ್ರೇಷ್ಠ ತಿನಿಸು ಭೂಮಿಯ ಮೇಲಿಲ್ಲ ಎನ್ನುತ್ತಾರೆ. ರುಚಿಗಲ್ಲ. ಅದರ ನೀರಿಗೆ ಬಣ್ಣವಿಲ್ಲ, ಶರ್ಟಿನ ಮೇಲೆ ಚೆಲ್ಲಿದರೂ ಗುರುತು ನಿಲ್ಲದು.

ಮಾಮ ಸೋತದ್ದು ಒಂದೇ ಸಲ. 2024ರ ಏಪ್ರಿಲ್ 26, ಕೋಲಾರದ ಲೋಕಸಭಾ ಮತದಾನ. ಚುನಾವಣಾ ಡ್ಯೂಟಿ ಮುಗಿಸಿ ಬಂದ ಮೇಷ್ಟ್ರೊಬ್ಬರು ಶಾಯಿ ಮೆತ್ತಿದ ಕೈಯಲ್ಲೇ ತಣ್ಣೀರಿಗೆಂದು ಬಿಳಿ ಫ್ರಿಜ್ ತೆಗೆದರು. ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟು, ಬೆಳಕು ಕಂಡಷ್ಟೂ ಕಪ್ಪಾಗುವ ಜಾತಿ. ಬೆಳಿಗ್ಗೆ ಬಾಗಿಲ ಮೇಲೆ ಐದು ಬೆರಳೂ ಮೂಡಿದ್ದವು. ಸ್ಪಿರಿಟ್ಟು, ಕೊರೊನಾ ಕಾಲದಿಂದ ಉಳಿಸಿಟ್ಟ ಸ್ಯಾನಿಟೈಸರು, ಟೂತ್‌ಪೇಸ್ಟು, ಯಾವುದಕ್ಕೂ ಅದು ಅಲುಗಲಿಲ್ಲ. ಬೆಳ್ಳಿಯಲ್ಲವೇ, ಫೋಟೋ ತೊಳೆಯುವ ಹೈಪೋ ನೋಡೋಣ ಎಂದು ಸ್ಟುಡಿಯೋಗೆ ಹೋದರೆ ಅಲ್ಲಿನ ಹುಡುಗ, "ಅದು ಯಾವ ಆಪ್ ಅಂಕಲ್?" ಎಂದ.

"ಬೆರಳಿಗಾದರೆ ಉಗುರು ಬೆಳೆದು ಹೋಗ್ತದೆ ಸಾರ್. ಫ್ರಿಜ್ಜಿಗೆ ಉಗುರೆಲ್ಲಿ?" ಎಂದು ಮೇಷ್ಟ್ರ ಮುಂದೆ ಕೈಚೆಲ್ಲಿದರು. ಮರುಗಳಿಗೆಯೇ ಎದೆಯುಬ್ಬಿತು. "ನಮ್ಮ ಮೈಸೂರಿನ ಮಾಲು ಸಾರ್! 1937ರಲ್ಲಿ ನಾಲ್ವಡಿಯವರು ಹಾಕಿಸಿದ ಫ್ಯಾಕ್ಟರಿ. 1962ರ ಚುನಾವಣೆಯಿಂದ ದೇಶಕ್ಕೆಲ್ಲಾ ಅದೇ ಶಾಯಿ. ನನ್ನ ಕೈಲಿ ಹೋಗಿಬಿಟ್ಟಿದ್ರೆ ಏನು ಮರ್ಯಾದೆ ಉಳೀತಿತ್ತು?"

ಮೇಷ್ಟ್ರ ಹೆಂಡತಿಗೆ ಈ ಮರ್ಯಾದೆ ಬೇಕಿರಲಿಲ್ಲ. ಕಮ್ಮಸಂದ್ರಕ್ಕೆ ಹೋದಾಗ ಕೋಟಿಲಿಂಗೇಶ್ವರನ ದೊಡ್ಡ ಮ್ಯಾಗ್ನೆಟ್ಟು ತಂದು ಆ ಬೆರಳುಗಳ ಮೇಲೆ ಅಂಟಿಸಿದರು. ಮಾಮ ಆ ಮನೆಗೆ ಹೋದಾಗಲೆಲ್ಲಾ ಈಶ್ವರನಿಗೆ ಕೈ ಮುಗಿದು, ಮೆಲ್ಲಗೆ ಪಕ್ಕಕ್ಕೆ ಸರಿಸಿ, ಜೇಬಿನಿಂದ ಹತ್ತಿ ತೆಗೆಯುತ್ತಾರೆ.