ಏಳು ಈಜುಕೊಳ

ಕೋಲಾರದ ಟೊಮೆಟೊ ಮಂಡಿಯಲ್ಲಿ ಖಾಲಿ ಕ್ರೇಟಿನ ಮೇಲೆ ಕೂತ ಅಳಿಯ ಮೊಬೈಲ್ ಚಾಚಿದ. "ನೋಡಿ ಮಾವ, ಐಕಾನ್ ಆಫ್ ದಿ ಸೀಸ್! 2024ರಲ್ಲಿ ಮಯಾಮಿಯಿಂದ ಹೊರಟ ಹಡಗು. ಏಳು ಈಜುಕೊಳ!"

ಸಾವಿರ ಅಡಿ ಬೋರ್ ಕೊರೆಸಿ ಬರೀ ಧೂಳು ಕಂಡಿದ್ದ ಮಾವ ಕಣ್ಣರಳಿಸಿದರು. "ಏಳಾ? ನಮ್ಮ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಡ್ತಾರೆ. ಅವರಿಗೆ ಯಾವೂರಿಂದಪ್ಪಾ?"

"ಅಷ್ಟು ದೂರ ಬೇಡ ಬಿಡಿ. ನಮ್ಮ ದೇಶದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಸಾಕು, 1990ರಿಂದ ಓಡ್ತಿದೆ. ಸನ್‌ಡೆಕ್ ಇದೆ, ಬಿಸಿಲಿಗೆ ಮೈಯೊಡ್ಡಿ ಮಲಗಬಹುದು."

"ಬಿಸಿಲಿಗೂ ದುಡ್ಡಾ? ಏಪ್ರಿಲ್‌ನಲ್ಲಿ ಮುಳಬಾಗಿಲು ಬಸ್‌ಸ್ಟ್ಯಾಂಡಲ್ಲಿ ನಿಲ್ಲು, ಪುಕ್ಕಟೆ!"

ಪಕ್ಕದಲ್ಲಿದ್ದ ಮಾಲೂರಿನ ಹೆಂಚಿನ ಭಟ್ಟಿಯವರು ಹೌದೌದೆಂದರು. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಬೇರೆಯೇ ಚಿಂತೆ: "ಕೊಳದ ನೀರು ಹಳೇದಾದ್ಮೇಲೆ ಏನ್ಮಾಡ್ತಾರೆ?"

"ಸಮುದ್ರಕ್ಕೆ ಬಿಡ್ತಾರೆ."

ಮಾವ ಎದ್ದೇಬಿಟ್ಟರು. "ನಾಲ್ಕು ಟ್ಯಾಂಕರ್ ನಮಗೆ ಕೊಡ್ತಾರಾ ಕೇಳು. ಬಾಡಿಗೆ ನಂದೇ."