ಬಡ್ತಿಮೀಮಾಂಸೆ: ದೌಂಡ ಜಂಕ್ಷನ್ನಿನಲ್ಲಿ ನಡೆಸಿದ ಸಂಶೋಧನೆ

ಸೈನ್ಯದ ಬಡ್ತಿ ಮೂರು ವಿಧ. ಸಾಧಾರಣ ಬಡ್ತಿಗೆ ಹುದ್ದೆ ಖಾಲಿ ಇರಬೇಕು. ಗೌರವ ಬಡ್ತಿಗೆ ವಯಸ್ಸಾಗಿರಬೇಕು. ಮರಣೋತ್ತರ ಬಡ್ತಿಗೆ ಅಭ್ಯರ್ಥಿಯೇ ಇರಬಾರದು.

ಪೂರ್ವಪಕ್ಷ: ಸತ್ತವರಿಗೆ ಬಡ್ತಿ ಏಕೆ?

ಸಮಾಧಾನ: ಸೀನಿಯಾರಿಟಿ ಕೆಡಬಾರದಲ್ಲ! ಜಾರ್ಜ್ ವಾಷಿಂಗ್ಟನ್ 1799ರಲ್ಲಿ ತೀರಿಕೊಂಡಾಗ ಲೆಫ್ಟಿನೆಂಟ್ ಜನರಲ್. ಎರಡನೇ ಮಹಾಯುದ್ಧದಲ್ಲಿ ಐದು ನಕ್ಷತ್ರದ ಜನರಲ್‌ಗಳು ಹುಟ್ಟಿಕೊಂಡು, ದೇಶ ಕಟ್ಟಿದವರೇ ಜೂನಿಯರ್ ಆಗಿಬಿಟ್ಟರು. 1976ರಲ್ಲಿ ಅಮೆರಿಕ ಕಾನೂನು ಮಾಡಿ ಅವರನ್ನು ಎಲ್ಲರಿಗಿಂತ ಮೇಲಕ್ಕೆ ಏರಿಸಿತು. ಫಲಾನುಭವಿಯಿಂದ ಈವರೆಗೆ ಸ್ವೀಕೃತಿ ಪತ್ರ ಬಂದಿಲ್ಲ.

ನಮ್ಮಲ್ಲಿ ಶಾಸ್ತ್ರ ಇನ್ನೂ ಸೂಕ್ಷ್ಮ. 1953ರಲ್ಲಿ ನಿವೃತ್ತರಾದ ಕೊಡಗಿನ ಕಾರ್ಯಪ್ಪನವರು ಫೀಲ್ಡ್ ಮಾರ್ಷಲ್ ಆದದ್ದು 1986ರಲ್ಲಿ. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಇಲ್ಲ. ಅಂದರೆ, ನಿವೃತ್ತಿಯಿಲ್ಲದ ಪದವಿ ಕೈಸೇರಲು ನಿವೃತ್ತಿಯಾಗಿ 33 ವರ್ಷ ಕಾಯಬೇಕು. ಇದಕ್ಕೆ ವಿರೋಧಾಭಾಸ ಎನ್ನಬಾರದು, ಕಚೇರಿ ಕ್ರಮ ಎನ್ನಬೇಕು.

1968ರಲ್ಲಿ ಸಿಕ್ಕಿಮಿನ ನಾಥು ಲಾ ಬಳಿ ಮಡಿದ ಸಿಪಾಯಿ ಹರಭಜನ್ ಸಿಂಗ್ ಅವರದಂತೂ ಆಕರ ಪ್ರಸಂಗ. ಅವರಿನ್ನೂ ಗಡಿ ಕಾಯುತ್ತಿದ್ದಾರೆಂಬುದು ಜವಾನರ ನಂಬಿಕೆ. ಇಂದು ಅವರು ಗೌರವ ಕ್ಯಾಪ್ಟನ್. ಬಹುಕಾಲ ವರ್ಷವರ್ಷವೂ ಅವರಿಗೆ ರಜೆ ಮಂಜೂರಾಗಿ, ಪಂಜಾಬಿನ ಊರಿಗೆ ಹೋಗಲು ರೈಲಿನಲ್ಲಿ ಸೀಟೂ ಕಾದಿರಿಸಲಾಗುತ್ತಿತ್ತು.

ಇನ್ನು ಕ್ಷೇತ್ರಕಾರ್ಯ. ಮಹಾರಾಷ್ಟ್ರದ ಅಹಿಲ್ಯಾನಗರದ ಸೈನಿಕ ಕೇಂದ್ರಗಳಿಂದ ಕಲಬುರಗಿ ಕಡೆ ರೈಲಿನಲ್ಲಿ ರಜೆಗೆ ಹೊರಟವರು ದೌಂಡ ದಾಟಲೇಬೇಕು. ಜನರಲ್ ಬೋಗಿಯ ಬಾಗಿಲ ಬಳಿ ಒಬ್ಬ ಹವಾಲ್ದಾರ ಕರಿ ಟ್ರಂಕಿನ ಮೇಲೆ ಮುದುಡಿ ಕೂತಿದ್ದ. ಟಿಕೆಟ್ ವೇಟಿಂಗ್ ಲಿಸ್ಟಿನಲ್ಲೇ ಉಳಿದಿತ್ತಂತೆ. ಚಹಾದವನು ಕಿಟಕಿಗೆ ಕೈ ಚಾಚಿ, "ಮೇಜರ್, ಚಹಾ ಘ್ಯಾ" ಎಂದ. ಈ ಸೀಮೆಯಲ್ಲಿ ಸಮವಸ್ತ್ರ ತೊಟ್ಟವರೆಲ್ಲ ಮೇಜರ್‌ಗಳೇ. ನಾಯಬ್ ಸುಬೇದಾರ, ಸುಬೇದಾರ, ಸುಬೇದಾರ್ ಮೇಜರ್, ಲೆಫ್ಟಿನೆಂಟ್, ಕ್ಯಾಪ್ಟನ್: ಐದೂ ಮೆಟ್ಟಿಲು ಒಂದೇ ಗುಟುಕಿಗೆ ದಾಟಿದ ಹವಾಲ್ದಾರ, ಕಪ್ಪು ಹಿಂದಿರುಗಿಸಿ ಮತ್ತೆ ಟ್ರಂಕಿನ ಮೇಲೆಯೇ ಕೂತ.

ಸಿದ್ಧಾಂತ: ಪದವಿ ಕೊಡುವುದು ಸುಲಭ, ಜಾಗ ಕೊಡುವುದು ಕಷ್ಟ. ಸತ್ತವರಿಗೆ ಎರಡೂ ಸಿಗುತ್ತವೆ, ಏಕೆಂದರೆ ಅವರು ಎರಡನ್ನೂ ಬಳಸುವುದಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ಈ ಪ್ರಬಂಧದ ಏಕೈಕ ಶಿಫಾರಸು: ಬಡ್ತಿ ಸತ್ತ ಮೇಲೆ ಬಂದರೂ ಅಡ್ಡಿಯಿಲ್ಲ, ಬರ್ತ್ ಮಾತ್ರ ಬದುಕಿದ್ದಾಗಲೇ ಕೊಡಿ.