ಬಾಕಿ ಮೀಮಾಂಸೆ: ಬಿಡಿ ಬರಹಗಾರಿಕೆಯ ಶಾಸ್ತ್ರೋಕ್ತ ವಿವೇಚನೆ

ಬರೆದು ಬದುಕುವುದು ಕಲೆಯೋ ವ್ಯಾಪಾರವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಲೆ ಎನ್ನುವವರು ಬರೆಸಿಕೊಂಡವರು, ವ್ಯಾಪಾರ ಎನ್ನುವವರು ಬರೆದುಕೊಟ್ಟವರು. ಪ್ರಸ್ತುತ ಪ್ರಬಂಧವು ಎರಡೂ ಪಕ್ಷಗಳನ್ನು ತಳ್ಳಿಹಾಕಿ, ಅದು ಮೂಲತಃ ವಸೂಲಿ ಎಂಬ ಸಿದ್ಧಾಂತವನ್ನು ಮಂಡಿಸುತ್ತದೆ. ಬರವಣಿಗೆ ಈ ಉದ್ಯಮದ ಉಪಾಂಗ ಮಾತ್ರ.

ಮೊದಲು ಲಕ್ಷಣ. ಯಾರಿಗೆ ಸಂಬಳವಿಲ್ಲದೆ ಡೆಡ್‌ಲೈನ್ ಮಾತ್ರ ಇರುತ್ತದೋ, ಯಾರ ಬಗ್ಗೆ ಮಾವನ ಮನೆಯವರು "ಅಳಿಯಂದ್ರು ಮನೇಲೇ ಇರ್ತಾರೆ" ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೋ, ಅವರನ್ನು ಫ್ರೀಲಾನ್ಸರ್ ಎಂದು ತಿಳಿಯತಕ್ಕದ್ದು. ಮಹಿಳೆಯರ ವಿಷಯದಲ್ಲಿ ಇದನ್ನು "ಹೇಗೂ ಮನೇಲೇ ಇರ್ತೀಯಲ್ಲ" ಎಂದು ಓದಿಕೊಳ್ಳಬೇಕು. ಅದರ ಮುಂದಿನ ವಾಕ್ಯ ಸಾಮಾನ್ಯವಾಗಿ ಗ್ಯಾಸ್ ಸಿಲಿಂಡರಿಗೆ ಸಂಬಂಧಿಸಿರುತ್ತದೆ. ಕೃತಿಗಳ ವ್ಯಾಪ್ತಿ ದೊಡ್ಡದು: ಜಾಹೀರಾತಿನ ಸಾಲು, ಧಾರಾವಾಹಿಯ ಸಂಭಾಷಣೆ, ಬ್ಯಾಂಕ್ ಆ್ಯಪಿನ ಅನುವಾದ, ಶಾಸಕರ ಭಾಷಣ, ಅಭಿನಂದನ ಗ್ರಂಥದ ಲೇಖನ. ಅಭಿನಂದನ ಗ್ರಂಥದಲ್ಲಿ ನಾಲ್ವರು ಗಣ್ಯರು "ನಾನು ಕಂಡಂತೆ" ಎಂದು ಬರೆದಿದ್ದರೆ, ಬರೆದವನು ಒಬ್ಬನೇ ಇರುವ ಸಾಧ್ಯತೆಯನ್ನೂ, ಅವನು ಸನ್ಮಾನಿತರನ್ನು ಕಂಡೇ ಇಲ್ಲದಿರುವ ಸಾಧ್ಯತೆಯನ್ನೂ ಸಂಶೋಧಕರು ಗಮನದಲ್ಲಿಡಬೇಕು.

ಇತಿಹಾಸಕ್ಕೆ ಬರೋಣ. ಪಂಪ ಕ್ರಿ.ಶ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಮುಗಿಸಿಕೊಟ್ಟಾಗ ದೊರೆ ಅರಿಕೇಸರಿ ಧರ್ಮಪುರವೆಂಬ ಅಗ್ರಹಾರವನ್ನೇ ಕೊಟ್ಟ. ಒಂದು ಪ್ರಾಜೆಕ್ಟಿಗೆ ಒಂದು ಊರು. ಇದಕ್ಕೆ ಶಾಸನದ ಆಧಾರವೂ ಉಂಟು. ಇಲ್ಲಿ ಗಮನಿಸಬೇಕಾದ್ದು ಪಂಪನ ಪ್ರತಿಭೆಯನ್ನಲ್ಲ, ಗಿರಾಕಿಯನ್ನೇ ಅರ್ಜುನನ ಜೊತೆ ಸಮೀಕರಿಸಿ ಕಥಾನಾಯಕನನ್ನಾಗಿಸಿದ ಆತನ ವ್ಯವಹಾರ ಜ್ಞಾನವನ್ನು. ಅದೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಕನ್ನಡ ಪ್ರಕಾಶಕರು ಇಂದಿಗೂ ಪ್ರತಿಗಳ ಕಾಲಂನಲ್ಲಿ 1000 ಎಂದೇ ಅಚ್ಚು ಹಾಕಿಸುವುದು ಈ ಪರಂಪರೆಯ ಮೇಲಿನ ಗೌರವದಿಂದ. ಆಮೇಲಿನ ಕಥೆ ಇಳಿಜಾರು. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅನಕೃ ಪೆನ್ನನ್ನೇ ನಂಬಿ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಊರು ಕೊಡುವವರು ಮಾತ್ರ ಮತ್ತೆ ಸಿಗಲಿಲ್ಲ.

ದರ ನಿಗದಿ ಈ ಶಾಸ್ತ್ರದ ಕ್ಲಿಷ್ಟ ಭಾಗ. ಅನುವಾದಕ್ಕೆ ಪದಕ್ಕಿಷ್ಟು ಎಂಬ ಲೆಕ್ಕ ರೂಢಿಯಲ್ಲಿದೆ. ಆದರೆ ಯಾವ ಪದ? ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಂತದ್ದೆಲ್ಲ ಕನ್ನಡದಲ್ಲಿ ವಿಭಕ್ತಿ ಸೇರಿ, ಸಂಧಿಯಾಗಿ, ಸಮಾಸವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕನ್ನಡ ಪದಗಳನ್ನು ಎಣಿಸಿ ದುಡ್ಡು ಪಡೆದರೆ ಗಂಟಿನ ಒಂದು ಭಾಗ ಅಲ್ಲೇ ಕರಗಿತು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿ ಸಮಾಸಗಳನ್ನು ವಿಸ್ತಾರವಾಗಿ ವಿವರಿಸಿದನೇ ಹೊರತು, ಅವುಗಳಿಂದ ಅನುವಾದಕನಿಗಾಗುವ ನಷ್ಟವನ್ನು ಹೇಳದೆ ಬಿಟ್ಟ. ಆದ್ದರಿಂದ ಮೂಲದ ಪದಗಳನ್ನೇ ಎಣಿಸುವುದು, ಅದನ್ನು ಕೆಲಸಕ್ಕೆ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳುವುದು. ಇದು ಹಾಸ್ಯವಲ್ಲ.

ಇನ್ನು ಪೂರ್ವಪಕ್ಷ. ಗಿರಾಕಿ ಹೇಳುತ್ತಾನೆ: "ಎರಡೇ ಲೈನ್ ಸಾರ್, ನಿಮಗೇನು ಲೆಕ್ಕ. ಎಐನಲ್ಲಿ ಹಾಕಿ ಆಗಿದೆ, ಸ್ವಲ್ಪ ಕನ್ನಡ ಥರ ಮಾಡ್ಕೊಡಿ." ಈ "ಸ್ವಲ್ಪ" ಎಂಬುದಕ್ಕೆ ಅಳತೆಯಿಲ್ಲ. ಮಾಡಿಕೊಟ್ಟ ಮೇಲೆ ತಿದ್ದುಪಡಿಗಳ ಪರ್ವ ಶುರು. ಕಡತದ ಹೆಸರು ಫೈನಲ್, ಫೈನಲ್ ನ್ಯೂ, ಫೈನಲ್ ಓಕೆ, ಫೈನಲ್ ಎಂಡಿ ಸರ್ ಹೇಳಿದ್ದು ಎಂದು ಬೆಳೆಯುತ್ತದೆ. ಯೂನಿಕೋಡಿನಲ್ಲಿ ಕಳಿಸಿದ್ದನ್ನು ಡಿಟಿಪಿಯವರು ನುಡಿ ಫಾಂಟಿಗೆ ಬದಲಿಸುತ್ತಾರೆ. ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಒಂದು ಕಡೆ ಹಾರಿ, ಅಚ್ಚಾದ ಮೇಲೆ "ನಿಮ್ಮ ಕನ್ನಡದಲ್ಲಿ ತಪ್ಪಿದೆ" ಎಂಬ ಫೋನ್ ಬರುತ್ತದೆ. ಬರೆದ ಪದವನ್ನು ಅಳಿಸದ ಅಗ್ಗಳಿಕೆ ಕುಮಾರವ್ಯಾಸನಿಗಿತ್ತು. ಆತನ ಗಿರಾಕಿ ಗದುಗಿನ ವೀರನಾರಾಯಣ, ವಾಟ್ಸಾಪ್ ಇರಲಿಲ್ಲ.

ಈಗ ಪ್ರಬಂಧದ ಹೃದಯಭಾಗವಾದ ನೆನಪೋಲೆ ಸಾಹಿತ್ಯ. ಬಿಲ್ ಕಳಿಸಿದ ಮೇಲೆ ಹುಟ್ಟುವ ಈ ಪ್ರಕಾರಕ್ಕೆ ಅಲಂಕಾರ ಶಾಸ್ತ್ರದಲ್ಲಿ ಸ್ಥಾನ ಸಿಗದಿರುವುದು ಅನ್ಯಾಯ. ಇದರ ಮೊದಲ ಸಾಲು ಎಂದೂ ದುಡ್ಡಿನದ್ದಾಗಿರುವುದಿಲ್ಲ. "ಸರ್, ಗಣೇಶ ಹಬ್ಬದ ಶುಭಾಶಯಗಳು" ಎಂದು ಆರಂಭ. ಸಂಜೆಗೆ ಎರಡು ನೀಲಿ ಟಿಕ್, ಒಂದು ಕೈಮುಗಿದ ಚಿತ್ರ. ದಸರೆಗೆ "ಶುಭಾಶಯಗಳು ಸರ್, ಹಾಗೇ ಆ ಬಿಲ್ ಬಗ್ಗೆ". ಉತ್ತರ: "ಅಕೌಂಟ್ಸ್‌ನವರು ರಜೆ." ದೀಪಾವಳಿಗೆ ಶುಭಾಶಯ ಮೊಟಕಾಗುತ್ತದೆ, ಬಿಲ್ ನಂಬರ್ ಮೇಲೆ ಬರುತ್ತದೆ. ಆಗ ತಿಳಿಯುವುದೇನೆಂದರೆ, ವೆಂಡರ್ ರಿಜಿಸ್ಟ್ರೇಷನ್ ಫಾರಂ, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್ ಇವು ಇಲ್ಲದೆ ಬಿಲ್ ಸಿಸ್ಟಂಗೆ ಹೋಗಿಯೇ ಇಲ್ಲ. ಎಲ್ಲ ಕೊಟ್ಟ ಮೇಲೆ ಒಂದು ಪವಾಡ: ತೆರಿಗೆ ಇಲಾಖೆಯ ಪೋರ್ಟಲ್ ತೆರೆದರೆ, ಇನ್ನೂ ಕೈಗೆ ಬಾರದ ಶುಲ್ಕದಿಂದ ಶೇ. 10 ಟಿಡಿಎಸ್ ಆಗಲೇ ಕಟ್ಟಿಯಾಗಿದೆ! ಹಣ ಕೊಟ್ಟಾಗ ಮಾತ್ರವಲ್ಲ, ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಜಮಾ ಬರೆದಾಗಲೂ ಮುರಿಯಬೇಕೆಂಬುದು ನಿಯಮ. ಸರ್ಕಾರಕ್ಕೆ ತನ್ನ ಪಾಲು ತಲುಪಿತು. ಒಂಬತ್ತು ಪಾಲಿನ ಒಡೆಯ ಯುಗಾದಿಯ ಶುಭಾಶಯ ಟೈಪ್ ಮಾಡುತ್ತಿದ್ದಾನೆ. ಆದರೆ ಜಾತ್ರೆಯ ಕರಪತ್ರ ಬರೆಸಿದ ಸಣ್ಣ ಪ್ರೆಸ್ಸಿನವರು ಗಲ್ಲಾಪೆಟ್ಟಿಗೆಯಿಂದ ತೆಗೆದು ಕೈಗೇ ಕೊಟ್ಟು ಕಳಿಸುತ್ತಾರೆ. ಗಾಜಿನ ಕಟ್ಟಡ ಎತ್ತರವಾದಷ್ಟೂ ದುಡ್ಡು ಕೆಳಗಿಳಿಯಲು ಹೊತ್ತು ಹಿಡಿಯುತ್ತದೆ ಎಂಬುದನ್ನು ಈ ಶಾಸ್ತ್ರದ ಭೌತನಿಯಮವೆನ್ನಬಹುದು.

ಜಿಎಸ್‌ಟಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೇವೆಗಳಿಗೆ ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಕನ್ನಡ ಬರಹಗಾರರು ಆ ಭಯದಿಂದ ನಿದ್ದೆಗೆಟ್ಟದ್ದು ಅಪರೂಪ.

ಸಿದ್ಧಾಂತ ಪಕ್ಷ ಹೀಗಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆ ಸೇವೆ ಒದಗಿಸುವ ಸಣ್ಣವರಿಗೂ ಅನ್ವಯಿಸುತ್ತದೆ. ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ತೆರಿಗೆ ನಿಯಮದಂತೆ, ಗಡುವು ಮೀರಿದ ಇಂಥ ಬಾಕಿಯನ್ನು ನಿಜವಾಗಿ ಕೊಡುವವರೆಗೆ ಗಿರಾಕಿ ಖರ್ಚೆಂದು ತೋರಿಸುವಂತಿಲ್ಲ. ಅಕೌಂಟ್ಸ್‌ನವರಿಗೆ ಇದು ಚೆನ್ನಾಗಿ ಗೊತ್ತು, ಬರಹಗಾರನಿಗೆ ಗೊತ್ತಿಲ್ಲ. ಛಂದಸ್ಸು ಕಲಿತವನಿಗೆ ಈ ಮೂರು ಅಂಕಿ ಕಲಿಯುವುದೇನು ಕಷ್ಟ?

ಆದ್ದರಿಂದ ಓದುಗರಲ್ಲಿ ಬರೆದು ಬದುಕುವವರಿದ್ದರೆ, ಮುಂದಿನ ಕೆಲಸ ಒಪ್ಪಿಕೊಳ್ಳುವ ಮೊದಲೇ ಈ ಕಾಯ್ದೆಯಡಿ ಹಕ್ಕು ಕೇಳಲು ಬೇಕಾದ ಉದ್ಯಮ್ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಬಿಲ್ಲಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿ. ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಇದ್ದರೆ ಆಗುತ್ತದೆ. ಶುಲ್ಕವಿಲ್ಲ, ಮಾಡಿಸಿಕೊಡುತ್ತೇನೆಂದು ಬರುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.